ನಮ್ಮದೇ ಕನ್ನಡ, ಓದೋರಿಲ್ಲ

ಇವತ್ತು ರಾಜಕೀಯವನ್ನ ಸ್ವಲ್ಪ ಪಕ್ಕಕ್ಕಿಡೋಣ.

ನನ್ನ ಮಗಳು ಎರಡನೇ ಕ್ಲಾಸು. ದಿನಾ ಸಂಜೆ ನಾಲ್ಕು ಗೆರೆ ಪುಸ್ತಕದಲ್ಲಿ ಇಂಗ್ಲಿಷ್ ಕರ್ಸಿವ್ ತಿದ್ದುತ್ತಾಳೆ. ಮೊನ್ನೆ ಕೇಳಿದಳು: "ಅಪ್ಪಾ, ಪಾಠದ ಪುಸ್ತಕದಲ್ಲಿ, ಬಸ್ ಬೋರ್ಡಲ್ಲಿ, ನಿನ್ನ ಲ್ಯಾಪ್‌ಟಾಪಲ್ಲಿ ಎಲ್ಲೂ ಹೀಗಿಲ್ವಲ್ಲ, ನಾನ್ಯಾಕೆ ಬರೀಬೇಕು?"

ದಿನಾ ರಾತ್ರಿ ಎಲ್ಲರನ್ನೂ ಪ್ರಶ್ನೆ ಕೇಳುವ ನನಗೆ ಉತ್ತರ ಹೊಳೀಲಿಲ್ಲ. ಯಾಕಂದ್ರೆ ಕರ್ಸಿವ್ ಬಿಟ್ಟವನು ನಾನೇ. ಇಂಜಿನಿಯರಿಂಗ್ ಮೊದಲ ವರ್ಷದ ಡ್ರಾಯಿಂಗ್ ಹಾಳೆಯಲ್ಲಿ ಪ್ರತಿ ಅಕ್ಷರವನ್ನೂ ಬಿಡಿಬಿಡಿಯಾಗಿ, ನೆಟ್ಟಗೆ ನಿಲ್ಲಿಸಬೇಕಿತ್ತು. ನಕ್ಷೆ ಬರೆಯೋನೊಬ್ಬ, ಕಟ್ಟೋನೊಬ್ಬ. 3 ಹೋಗಿ 8 ಆದ್ರೆ ಗೋಡೆ ಕೇಳುತ್ತಾ? ಔಷಧದ ಚೀಟಿಗೂ ಅದೇ ಲೆಕ್ಕ. 2016ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿ ನಿಯಮ ತಿದ್ದಿತು: ಔಷಧದ ಹೆಸರು ಓದುವಂತಿರಬೇಕು, ಸಾಧ್ಯವಾದಷ್ಟೂ ಕ್ಯಾಪಿಟಲ್ ಅಕ್ಷರದಲ್ಲಿರಬೇಕು. ಇಲ್ಲಿ ನನ್ನ ಓಟು ಬಿಡಿ ಅಕ್ಷರಕ್ಕೇ.

ಅಮೆರಿಕದಲ್ಲಿ 2010ರ ಕಾಮನ್ ಕೋರ್ ಪಠ್ಯ ಮಾನದಂಡದಲ್ಲಿ ಕರ್ಸಿವ್ ಇರಲೇ ಇಲ್ಲ. 2023ರಲ್ಲಿ ಕ್ಯಾಲಿಫೋರ್ನಿಯಾ ಕಾನೂನು ಮಾಡಿ ಅದನ್ನ ಶಾಲೆಗೆ ವಾಪಸ್ ತಂದಿತು. ಅಲ್ಲಿನ ರಾಷ್ಟ್ರೀಯ ಪತ್ರಾಗಾರ ಹಳೇ ದಾಖಲೆಗಳ ಕೂಡಕ್ಷರ ಓದಬಲ್ಲ ಸ್ವಯಂಸೇವಕರಿಗಾಗಿ ಕರೆ ಕೊಡ್ತಿದೆ.

ನಗಬೇಡಿ. ನಮ್ಮಲ್ಲಿ ಇದು ಆಗಿ ಮುಗಿದಿದೆ. ಮೋಡಿ ಕೇಳಿದ್ದೀರಾ? ಕೈ ಎತ್ತದೆ ಸರಸರ ಎಳೆದು ಬರೆಯುವ ಕನ್ನಡ. ಹಿಂದೆ ಕಡತ, ಲೆಕ್ಕಪತ್ರಗಳಲ್ಲಿ ಇದೇ ಬರಹ ನಡೀತಿತ್ತು. ನಮ್ಮೂರಲ್ಲಿ ತೋಟದ ಬೇಲಿ ವಿಚಾರಕ್ಕೆ ನಮಗೂ ಪಕ್ಕದವರಿಗೂ ಎರಡು ತಲೆಮಾರು ಮಾತಿರಲಿಲ್ಲ. ಮುತ್ತಜ್ಜನ ಕಾಲದ ಕಾಗದ ಪೆಟ್ಟಿಗೆಯಲ್ಲೇ ಇತ್ತು. ಭಾಷೆ ಕನ್ನಡವೇ, ಆದರೆ ಮನೇಲಿ ಒಬ್ಬರಿಗೂ ಓದೋಕೆ ಬರ್ತಿರಲಿಲ್ಲ. ದೊಡ್ಡಪ್ಪ ಮೂರು ಊರು ಅಲೆದು, ಎಂಬತ್ತು ದಾಟಿದ ಹಿರಿಯರೊಬ್ಬರನ್ನ ಹುಡುಕಿ ಓದಿಸಿದರು. ಜಾಗ ಪಕ್ಕದವರದ್ದೇ ಅಂತ ಅದರಲ್ಲಿ ಸ್ಪಷ್ಟವಾಗಿ ಬರೆದಿತ್ತು! ದೊಡ್ಡಪ್ಪ ಬೇಲಿ ಹಿಂದಕ್ಕೆ ಹಾಕಿಸಿದರು. ಆದರೆ ಅಷ್ಟೊತ್ತಿಗೆ ಜಗಳ ಶುರುಮಾಡಿದ ಇಬ್ಬರೂ ತೀರಿಹೋಗಿದ್ದರು.

ಹಾಗಾಗಿ ಮೇಷ್ಟ್ರುಗಳಲ್ಲಿ ನನ್ನದೊಂದು ವಿನಂತಿ. ಅಕ್ಷರ ವಾಲಿಲ್ಲ, ಬಾಲ ಸೇರಿಲ್ಲ ಅಂತ ಮಾರ್ಕ್ಸ್ ಕಡೀಬೇಡಿ. ಮಕ್ಕಳು ಹೇಗೆ ಬೇಕಾದರೂ ಬರೀಲಿ, ಓದೋ ಹಾಗಿದ್ರೆ ಸಾಕು. ಆದರೆ ಕೂಡಿಸಿ ಬರೆದದ್ದನ್ನ ಓದೋಕೆ ಮಾತ್ರ ತಪ್ಪದೆ ಕಲಿಸಿ.

ನಿನ್ನೆ ರಾತ್ರಿ ಅಜ್ಜ ಕೆಲಸಕ್ಕೆ ಹಾಕಿದ್ದ ಹಳೇ ಇಂಗ್ಲಿಷ್ ಅರ್ಜಿಯನ್ನ ಮಗಳ ಮುಂದಿಟ್ಟೆ. ಬೆರಳಿಟ್ಟುಕೊಂಡು ಎರಡು ಸಾಲು ಓದಿದಳು. ಮೂರನೇ ಸಾಲಲ್ಲಿ ನಾನೂ ತಡವರಿಸಿದೆ.