ಫ್ಲೋರ್ ಟಿಕೆಟ್ ಸಿಕ್ಕಿದೆ, ಹೋಗಲಾ ಮಾಮಾ?

ಇವತ್ತಿನ ಮಾತು ಹುಟ್ಟಿದ್ದು ಒಂದು ಫೋನ್ ಕರೆಯಿಂದ. ಅಕ್ಕನ ಮಗಳಿಗೆ ಈಗ ಹದಿನೇಳು ವರ್ಷ. ನಿಮ್ಮಲ್ಲಿ ಎಷ್ಟೋ ಜನರ ಹಾಗೆ ಅವಳಿಗೂ ಕನ್ನಡ ಪೂರ್ತಿ ಅರ್ಥವಾಗುತ್ತದೆ, ಮಾತಾಡುವಾಗ ಮಾತ್ರ ಅರ್ಧ ಇಂಗ್ಲಿಷ್. ಹೋದ ವಾರ ರಾತ್ರಿ ಹತ್ತೂವರೆಗೆ ಫೋನ್ ಮಾಡಿದಳು. "ಮಾಮಾ, ಫ್ಲೋರ್ ಟಿಕೆಟ್ ಸಿಕ್ತು! ಸ್ಟೇಜ್ ಮುಂದೇನೇ! ಅಮ್ಮ ಬೇಡ ಅಂತಿದ್ದಾಳೆ, ನೀನು ಹೇಳು." ಹಿಂದೆಯೇ ಅಕ್ಕನ ದನಿ: "ಚಿನ್ನಸ್ವಾಮಿಯಲ್ಲಿ ಏನಾಯ್ತು ಅಂತ ನೋಡಿದೀಯಲ್ಲ, ನೀನೇ ಬುದ್ಧಿ ಹೇಳೋ ಅವಳಿಗೆ."

ಇಬ್ಬರೂ ನನ್ನ ಉತ್ತರಕ್ಕೆ ಕಾಯುತ್ತಿದ್ದರು. ನಾನು "ನಾಳೆ ಹೇಳ್ತೀನಿ" ಅಂದೆ. ಆ ನಾಳೆಗೆ ಒಂದು ವಾರವೇ ಹಿಡಿಯಿತು.

ನಾನು ರಾಕ್ ಸಂಗೀತಕ್ಕೆ ಹೊರಗಿನವನಲ್ಲ. ಬೆಂಗಳೂರಿನಲ್ಲಿದ್ದಾಗ, ಇಪ್ಪತ್ತರ ಹರೆಯದಲ್ಲಿ, ಹಾಸ್ಟೆಲ್ ಗೆಳೆಯರ ಜೊತೆ ದೊಡ್ಡ ದೊಡ್ಡ ಕಾರ್ಯಕ್ರಮಗಳಿಗೆ ಹೋಗಿದ್ದೇನೆ. ಅಂಥ ಒಂದು ಸಂಜೆ, ಮುಂದಿನ ಬ್ಯಾರಿಕೇಡಿನ ಹತ್ತಿರ ನಿಂತಿದ್ದಾಗ ನನ್ನ ಕಾಲು ನೆಲಕ್ಕೆ ತಾಗುತ್ತಿರಲಿಲ್ಲ. ಯಾರೂ ನನ್ನನ್ನು ಎತ್ತಿರಲಿಲ್ಲ. ಅಕ್ಕಪಕ್ಕದವರ ಎದೆ, ಭುಜ, ಬೆನ್ನುಗಳ ನಡುವೆ ನಾನು ಸಿಕ್ಕಿಕೊಂಡಿದ್ದೆ, ಅಷ್ಟೇ. ಗುಂಪು ಎಡಕ್ಕೆ ವಾಲಿದರೆ ನಾನೂ ಎಡಕ್ಕೆ, ಬಲಕ್ಕೆ ವಾಲಿದರೆ ಬಲಕ್ಕೆ. ಆಗ ಅದು ಮಜಾ ಅನ್ನಿಸಿತ್ತು. ಒಂದು ಶೂ ಅಲ್ಲೇ ಉಳಿಯಿತು, ಒಂಟಿ ಶೂನಲ್ಲಿ ಆಟೋ ಹತ್ತಿ ಮನೆಗೆ ಬಂದೆವು, ವರ್ಷಗಟ್ಟಲೆ ಅದನ್ನೇ ಹೇಳಿ ನಕ್ಕೆವು. ಆ ಹೊತ್ತಿನಲ್ಲಿ ನಾನು ಎಲ್ಲಿ ನಿಂತಿದ್ದೆ ಎನ್ನುವುದು ನನಗೆ ತಿಳಿದದ್ದು ಬಹಳ ತಡವಾಗಿ, ಸಿನ್ಸಿನಾಟಿಯ ಕಥೆ ಓದಿದ ಮೇಲೆ.

ನಾವಿರುವ ಕೊಲಂಬಸ್‌ನಿಂದ ಸಿನ್ಸಿನಾಟಿ ಎರಡು ಗಂಟೆಯೊಳಗಿನ ದಾರಿ. 1979ರ ಡಿಸೆಂಬರ್ 3ರಂದು ಅಲ್ಲಿನ ರಿವರ್‌ಫ್ರಂಟ್ ಕೊಲಿಸಿಯಂನಲ್ಲಿ ಇಂಗ್ಲೆಂಡಿನ ದ ಹೂ ಬ್ಯಾಂಡಿನ ಕಾರ್ಯಕ್ರಮವಿತ್ತು. ಹದಿನೆಂಟು ಸಾವಿರಕ್ಕೂ ಹೆಚ್ಚು ಟಿಕೆಟ್ ಮಾರಾಟವಾಗಿದ್ದವು. ಅವುಗಳಲ್ಲಿ ಹೆಚ್ಚಿನವಕ್ಕೆ ಸೀಟ್ ನಂಬರ್ ಇರಲಿಲ್ಲ. ಮೊದಲು ಬಂದವರಿಗೆ ಮುಂದಿನ ಜಾಗ. ಹೀಗಾಗಿ ಮಕ್ಕಳು ಮಧ್ಯಾಹ್ನದಿಂದಲೇ ಚಳಿಯಲ್ಲಿ ಬಾಗಿಲ ಮುಂದೆ ಸೇರಿದರು. ಸಂಜೆ ತೆರೆದದ್ದು ಕೆಲವೇ ಬಾಗಿಲು. ಒಳಗಿನಿಂದ ಸಂಗೀತ ಕೇಳಿಬಂತು. ಹೊರಗಿದ್ದವರು ಕಾರ್ಯಕ್ರಮ ಶುರುವೇ ಆಯಿತು ಅಂದುಕೊಂಡರು. ಹಿಂದಿನವರು ಒಂದು ಹೆಜ್ಜೆ ಮುಂದಕ್ಕೆ ಬಂದರು. ಒಂದೇ ಹೆಜ್ಜೆ. ಬಾಗಿಲ ಹತ್ತಿರ ಹನ್ನೊಂದು ಜನ ಸತ್ತರು. ಎಲ್ಲರೂ ಚಿಕ್ಕ ವಯಸ್ಸಿನವರು, ಕೆಲವರು ಹೈಸ್ಕೂಲಿನ ಮಕ್ಕಳು. ನಿಲ್ಲಿಸಿದರೆ ಗಲಾಟೆ ಇನ್ನೂ ಹೆಚ್ಚಾದೀತೆಂದು ಕಾರ್ಯಕ್ರಮ ನಡೆಸಿದರು. ಹಾಡಿದವರಿಗೆ ವಿಷಯ ತಿಳಿದದ್ದು ಹಾಡು ಮುಗಿದ ಮೇಲೆ.

ಮರುದಿನ ಸುದ್ದಿಯಲ್ಲಿ ಬಂದದ್ದು ಸ್ಟ್ಯಾಂಪೀಡ್ ಎಂಬ ಪದ. ದನಗಳ ಹಿಂಡು ಬೆದರಿ ಓಡುವುದಕ್ಕೆ ಹೇಳುವ ಪದ ಅದು. ರಾಕ್ ಕೇಳುವ ಹುಡುಗರು, ಕುಡಿದಿದ್ದರು, ಕಾಡುಜನ, ಒಬ್ಬರನ್ನೊಬ್ಬರು ತುಳಿದು ಹಾಕಿದರು ಎಂದು ಬರೆದವರಿದ್ದರು. ಆದರೆ ಸಿನ್ಸಿನಾಟಿಯ ಸಮಾಜಶಾಸ್ತ್ರಜ್ಞ ನಾರಿಸ್ ಜಾನ್ಸನ್, ಅಂದು ಅಲ್ಲಿದ್ದವರು ಪೊಲೀಸರಿಗೆ ಕೊಟ್ಟ ಹೇಳಿಕೆಗಳನ್ನು ಕೂತು ಓದಿದರು. ಅವರಿಗೆ ಕಂಡದ್ದು ಬೇರೆಯೇ ಚಿತ್ರ: ಬಿದ್ದವರನ್ನು ಎತ್ತಲು ಹೆಣಗಿದವರು, ಗುರುತೇ ಇಲ್ಲದವರನ್ನು ಹಿಡಿದು ನಿಲ್ಲಿಸಿದವರು, ಹಿಂದಕ್ಕೆ ಸರಿಯಿರಿ ಎಂದು ಕೂಗಿದವರು. ಆ ಕೂಗು ಹಿಂದಿನವರಿಗೆ ತಲುಪಲಿಲ್ಲ.

ನಮ್ಮ ಭಾಷೆಯಲ್ಲೂ ಇದೇ ತೊಡಕಿದೆ. ಕನ್ನಡ ಪತ್ರಿಕೆಗಳು ಇಂಥ ಸಾವಿಗೆ 'ಕಾಲ್ತುಳಿತ' ಎನ್ನುತ್ತವೆ. ಆ ಪದ ಕೇಳಿದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಯಾರೋ ಓಡುತ್ತಿದ್ದಾರೆ, ಯಾರನ್ನೋ ತುಳಿಯುತ್ತಿದ್ದಾರೆ ಎಂಬ ಚಿತ್ರ. ನಿಜದಲ್ಲಿ ಹೆಚ್ಚಿನ ಕಡೆ ಯಾರೂ ಓಡುತ್ತಿರುವುದಿಲ್ಲ, ಓಡಲು ಜಾಗವೇ ಇರುವುದಿಲ್ಲ. ಜನ ಸಾಯುವುದು ಉಸಿರಾಡಲಾಗದೆ. ಕೆಲವರು ನಿಂತಲ್ಲೇ ಸಾಯುತ್ತಾರೆ.

ಅದು ಹೇಗೆ ಅಂತ ಕೇಳಿ. ಅಜ್ಜಿ ಮನೆಗೆ ಹೋದಾಗ ಬಾಗಿಲ ಮುಂದೆ ದೊಡ್ಡ ರಂಗೋಲಿ ನೋಡಿರುತ್ತೀರಿ. ಉದ್ದ ಒಂದು ಮೀಟರ್, ಅಗಲ ಒಂದು ಮೀಟರ್ ಅಂದುಕೊಳ್ಳಿ. ಅದರ ಮೇಲೆ ಇಬ್ಬರು ನಿಂತರೆ ಆರಾಮ. ನಾಲ್ವರು ನಿಂತರೆ ಮೈಗೆ ಮೈ ತಾಗುತ್ತದೆ. ಏಳು ಜನ ನಿಂತರೆ? ಜಾನ್ ಫ್ರೂಯಿನ್ ಎಂಬ ಅಮೆರಿಕದ ಎಂಜಿನಿಯರ್ ಜನಸಂದಣಿಯನ್ನೇ ಅಧ್ಯಯನ ಮಾಡಿದವರು. ಚದರ ಮೀಟರಿಗೆ ಸುಮಾರು ಏಳು ಜನ ಆದಾಗ ಗುಂಪು ನೀರಿನ ಹಾಗಾಗುತ್ತದೆ ಎಂದು ಅವರು ಬರೆದರು. ಅಲ್ಲಿಂದ ಮುಂದೆ ಅದು ಏಳು ಜನ ಮನುಷ್ಯರಲ್ಲ, ಒಂದು ಅಲೆ. ಆ ಅಲೆಯ ಬಲಕ್ಕೆ ಉಕ್ಕಿನ ಕಂಬಿಗಳೂ ಬಾಗಿವೆ. ನಿಮ್ಮ ಪಕ್ಕೆಲುಬು ಎಷ್ಟರದ್ದು? ಉಸಿರು ಬಿಟ್ಟಿರಿ, ಎದೆ ಸ್ವಲ್ಪ ಕುಗ್ಗಿತು, ಆ ಸಂದಿಗೆ ಪಕ್ಕದವರ ಮೈ ಬಂತು. ಮತ್ತೆ ಉಸಿರು ಎಳೆದುಕೊಳ್ಳಲು ಎದೆ ಅರಳುವುದಿಲ್ಲ. ನನ್ನ ಕಾಲು ನೆಲ ಬಿಟ್ಟಿದ್ದು ಅಂಥದೇ ಜಾಗದಲ್ಲಿ. ಆ ಸಂಜೆ ಅಲೆ ತಾನಾಗಿ ಸಡಿಲವಾಯಿತು. ನಮ್ಮ ಪುಣ್ಯ.

2021ರ ನವೆಂಬರ್ 5ರಂದು ಹ್ಯೂಸ್ಟನ್‌ನ ಆಸ್ಟ್ರೋವರ್ಲ್ಡ್ ಉತ್ಸವದಲ್ಲಿ ಸಡಿಲವಾಗಲಿಲ್ಲ. ಟ್ರಾವಿಸ್ ಸ್ಕಾಟ್ ಹಾಡುತ್ತಿದ್ದ, ಸುಮಾರು ಐವತ್ತು ಸಾವಿರ ಜನ ಸೇರಿದ್ದರು. ಹತ್ತು ಜನ ತೀರಿಕೊಂಡರು. ಅವರಲ್ಲಿ ಅತಿ ಚಿಕ್ಕವನಿಗೆ ಒಂಬತ್ತು ವರ್ಷ, ದೊಡ್ಡವರಿಗೆ ಇಪ್ಪತ್ತೇಳು. ಈ ಘಟನೆಯ ವಿಡಿಯೋಗಳನ್ನು ನೀವು ನನಗಿಂತ ಹೆಚ್ಚು ನೋಡಿರುತ್ತೀರಿ. ಅಂದು ಹಗಲು ಕೆಲವರು ಬೇಲಿ ಮುರಿದು ಒಳನುಗ್ಗಿದ್ದು ನಿಜ. "ನೋಡಿ, ಪುಂಡ ಹುಡುಗರು" ಎಂದು ಹೇಳಲು ಅದು ಸಾಕಾಯಿತು. ಆದರೆ ಸಾವುಗಳಾದದ್ದು ರಾತ್ರಿ, ಹಾಡು ನಡೆಯುತ್ತಿದ್ದಾಗ. ಬಹುಪಾಲು ಜನ ಸಿಕ್ಕಿಕೊಂಡದ್ದು ಬ್ಯಾರಿಕೇಡುಗಳು ಸುತ್ತುವರಿದ ಒಂದು ಮೂಲೆಯಲ್ಲಿ. ರಾತ್ರಿ 9.38ಕ್ಕೆ ಇದು ದೊಡ್ಡ ದುರಂತ ಎಂದು ಅಧಿಕಾರಿಗಳು ಗುರುತಿಸಿದ್ದರು, ಆಮೇಲೂ ಸುಮಾರು ಅರ್ಧ ಗಂಟೆ ಹಾಡು ನಿಲ್ಲಲಿಲ್ಲ.

ಹಾಗೆಂದು ಪುಂಡಾಟವನ್ನು ನಾನು ಸಮರ್ಥಿಸುತ್ತಿಲ್ಲ. 2011ರಲ್ಲಿ ದೆಹಲಿಯ ಪಕ್ಕದ ಗುರ್‌ಗಾಂವ್‌ನಲ್ಲಿ ಮೆಟಾಲಿಕಾ ಕಾರ್ಯಕ್ರಮ ರದ್ದಾದಾಗ ಅಭಿಮಾನಿಗಳು ವೇದಿಕೆಗೇ ನುಗ್ಗಿ ಸಾಮಾನು ಒಡೆದರು. ಅದು ನಾಚಿಕೆಗೇಡು. ಎರಡು ದಿನದ ನಂತರ ಅದೇ ಬ್ಯಾಂಡ್ ಬೆಂಗಳೂರಿನ ಅರಮನೆ ಮೈದಾನದಲ್ಲಿ ನುಡಿಸಿತು. ಟಿಕೆಟ್ ಇಲ್ಲದೆ ಬೇಲಿ ಹಾರುವವನು ರಂಗೋಲಿಯ ಮೇಲೆ ಎಂಟನೆಯವನಾಗಿ ಬಂದು ನಿಲ್ಲುತ್ತಾನೆ, ಅದೂ ತಪ್ಪೇ. (ಹಾಡುವವರ ಮೇಲೆ ಫೋನ್ ಎಸೆಯುವ ಹೊಸ ಚಟದ ಬಗ್ಗೆ ನಾನು ಮಾತಾಡುವುದೇ ಇಲ್ಲ, ಸಿಟ್ಟು ಬರುತ್ತದೆ.) ಆದರೆ ಎಷ್ಟು ಬಾಗಿಲು ತೆರೆಯಬೇಕು, ಎಷ್ಟು ಜನರನ್ನು ಬಿಡಬೇಕು, ಹಾಡನ್ನು ಯಾವಾಗ ನಿಲ್ಲಿಸಬೇಕು ಎನ್ನುವುದನ್ನು ಹದಿನೇಳರ ಹುಡುಗಿ ತೀರ್ಮಾನಿಸುವುದಿಲ್ಲ. ತೀರ್ಮಾನಿಸುವವರು ಬೇರೆ. ಸತ್ತ ಮೇಲೆ ಬೈಗುಳ ಮಾತ್ರ ಅವಳ ವಯಸ್ಸಿನವರಿಗೆ.

ಅಕ್ಕ ಹೇಳಿದ ಚಿನ್ನಸ್ವಾಮಿಗೆ ಬರುತ್ತೇನೆ. ಅದು ರಾಕ್ ಅಲ್ಲ, ಕ್ರಿಕೆಟ್. ಹದಿನೆಂಟನೆಯ ಐಪಿಎಲ್‌ನಲ್ಲಿ ಆರ್‌ಸಿಬಿ ಮೊದಲ ಸಲ ಕಪ್ ಗೆದ್ದಿತು, ಮರುದಿನ, 2025ರ ಜೂನ್ 4ರಂದು ಸಂಭ್ರಮಾಚರಣೆ. ಸುಮಾರು 35 ಸಾವಿರ ಜನ ಹಿಡಿಸುವ ಕ್ರೀಡಾಂಗಣದ ಸುತ್ತ ಸೇರಿದ್ದು ಲಕ್ಷಗಟ್ಟಲೆ ಜನ. ಉಚಿತ ಪ್ರವೇಶ ಎಂದು ಒಬ್ಬರು, ಪಾಸ್ ಬೇಕು ಎಂದು ಇನ್ನೊಬ್ಬರು. ಗೇಟುಗಳ ಹತ್ತಿರ ಹನ್ನೊಂದು ಜನ ಹೋದರು. ಮತ್ತೆ ಹನ್ನೊಂದು. ಮತ್ತೆ ಬಾಗಿಲ ಹೊರಗೆ. ಒಳಗೆ ಸಂಭ್ರಮ ನಡೆಯುತ್ತಲೇ ಇತ್ತು. ನಲವತ್ತಾರು ವರ್ಷ ಹಿಂದೆ ಸಿನ್ಸಿನಾಟಿಯಲ್ಲಿ ಕಲಿಯಬಹುದಾಗಿದ್ದ ಪಾಠ ಅದು. ಆ ದಿನ ನಾನು ಬೆಂಗಳೂರಿನಲ್ಲಿದ್ದಿದ್ದರೆ? ಕೆಂಪು ಟೀ ಶರ್ಟ್ ಹಾಕಿಕೊಂಡು ಖಂಡಿತ ಹೋಗಿರುತ್ತಿದ್ದೆ.

ಕಲಿತವರೂ ಇದ್ದಾರೆ ಎನ್ನಿ. ಡೆನ್ಮಾರ್ಕಿನ ರೋಸ್ಕಿಲ್ಡೆ ಉತ್ಸವದಲ್ಲಿ 2000ನೇ ಇಸವಿಯಲ್ಲಿ ಪರ್ಲ್ ಜಾಮ್ ಹಾಡುತ್ತಿದ್ದಾಗ ಒಂಬತ್ತು ಜನ ಸತ್ತರು. ಗಾಯಕ ಹಾಡು ನಿಲ್ಲಿಸಿ, ಹಿಂದೆ ಸರಿಯಿರಿ ಎಂದು ಕೇಳಿಕೊಂಡ, ಅಷ್ಟರಲ್ಲಿ ತಡವಾಗಿತ್ತು. ಆಮೇಲೆ ಅಲ್ಲಿ ವೇದಿಕೆಯ ಮುಂದಿನ ಜಾಗವನ್ನು ಬ್ಯಾರಿಕೇಡುಗಳಿಂದ ವಿಂಗಡಿಸಿ, ಮುಂದಿನ ಭಾಗಕ್ಕೆ ಎಣಿಸಿ ಜನ ಬಿಡುವ ಪದ್ಧತಿ ತಂದರು. ಉತ್ಸವ ಇಂದಿಗೂ ನಡೆಯುತ್ತಿದೆ.

ಹಾಗಾಗಿ ನಾನು ಸೊಸೆಗೆ ಹೋಗು ಅಂದೆ. ಅಕ್ಕನ ಮಗಳನ್ನು ನಮ್ಮ ಕಡೆ ಸೊಸೆ ಎನ್ನುತ್ತೇವೆ, ಗಾಬರಿಯಾಗಬೇಡಿ. ಹೋಗು ಅಂದೆ, ಜೊತೆಗೆ ಒಂದಿಷ್ಟು ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಒಳಗೆ ಹೋದ ಕೂಡಲೇ ಸ್ಟೇಜ್ ನೋಡಬೇಡಿ, ಬಾಗಿಲು ನೋಡಿ. ನೀವು ಬಂದ ಬಾಗಿಲು ಬಿಟ್ಟು ಇನ್ನೆರಡು. 2003ರಲ್ಲಿ ರೋಡ್ ಐಲ್ಯಾಂಡಿನ ಸ್ಟೇಷನ್ ನೈಟ್‌ಕ್ಲಬ್ಬಿಗೆ ಬೆಂಕಿ ಬಿದ್ದಾಗ ಬೇರೆ ಬಾಗಿಲುಗಳಿದ್ದರೂ ಹೆಚ್ಚಿನವರು ತಾವು ಬಂದ ಮುಂಬಾಗಿಲಿಗೇ ಹೋಗಿ ಅಲ್ಲಿ ಸಿಕ್ಕಿಕೊಂಡರು. ನೂರು ಜನ ಸತ್ತರು. ಗುಂಪಿನಲ್ಲಿ ನಿಂತಾಗ ಆಗಾಗ ನಿಮ್ಮ ಕೈಯನ್ನು ಮುಖಕ್ಕೆ ತಂದು ನೋಡಿ. ಮೂಗು ತುರಿಸಿಕೊಳ್ಳಲು ಆಗುತ್ತಿಲ್ಲ ಅಂದರೆ ಅಲ್ಲಿ ಇರಬೇಡಿ. ಅಲೆ ಬಂದು ನಿಮ್ಮನ್ನು ವಾಲಿಸುತ್ತಿದೆ ಅಂದರೂ ಇರಬೇಡಿ, ಮೆಚ್ಚಿನ ಹಾಡು ಬರುವುದಿದ್ದರೂ ಸರಿ. ಅಲೆಗೆ ಎದುರು ನೂಕಬೇಡಿ. ಅದು ಒಂದು ಕ್ಷಣ ನಿಂತಾಗ ಓರೆಯಾಗಿ ಪಕ್ಕಕ್ಕೆ, ಅಂಚಿನ ಕಡೆ ಸರಿಯಿರಿ. ಬ್ಯಾರಿಕೇಡಿಗೆ, ಗೋಡೆಗೆ ಒತ್ತಿಕೊಂಡು ನಿಲ್ಲಬೇಡಿ. ಒತ್ತಡ ಹೆಚ್ಚಾದರೆ ಬಾಕ್ಸರ್ ಹಾಗೆ ಎರಡೂ ಮುಂಗೈಗಳನ್ನು ಎದೆಯ ಮುಂದೆ ಹಿಡಿದುಕೊಳ್ಳಿ, ಉಸಿರಿಗೆ ಬೇಕಾದ ನಾಲ್ಕು ಬೆರಳು ಜಾಗ ಅದು. ಸುಮ್ಮನೆ ಕಿರುಚಿ ಉಸಿರು ಕಳೆಯಬೇಡಿ. ಫೋನ್ ಬಿದ್ದರೆ ಬಗ್ಗಬೇಡಿ, ಹೋಗಲಿ. ಮನುಷ್ಯ ಬಿದ್ದರೆ ಮಾತ್ರ ಕೂಡಲೇ, ಅಕ್ಕಪಕ್ಕದವರನ್ನು ಸೇರಿಸಿಕೊಂಡು ಎತ್ತಿ. ನೀವೇ ಬಿದ್ದು ಏಳಲಾಗದಿದ್ದರೆ ಒಂದು ಮಗ್ಗುಲಾಗಿ ಮುದುಡಿ ತಲೆಯನ್ನು ಕೈಗಳಿಂದ ಮುಚ್ಚಿಕೊಳ್ಳಿ.

ಇನ್ನೊಂದು, ಇದು ನನ್ನ ಅಜ್ಜಿಯದು. ಊರ ತೇರಿಗೆ ಕರೆದುಕೊಂಡು ಹೋಗುವಾಗ, "ತಪ್ಪಿಸಿಕೊಂಡರೆ ಹುಡುಕಬೇಡ, ಅಳಬೇಡ, ಅರಳಿಕಟ್ಟೆ ಹತ್ತಿರ ಬಂದು ನಿಂತುಕೋ" ಅನ್ನುತ್ತಿದ್ದಳು. ಅಷ್ಟು ಜನ ಸೇರಿದ ಕಡೆ ಫೋನ್ ಸಿಗ್ನಲ್ ನಂಬುವಂತಿಲ್ಲ, ನಿಮಗೂ ಒಂದು ಅರಳಿಕಟ್ಟೆ ಗೊತ್ತುಮಾಡಿಕೊಳ್ಳಿ. ಸೊಸೆ ಮತ್ತು ಅವಳ ಗೆಳತಿಯರು ರಸ್ತೆಯಾಚೆಯ ಪಾರ್ಕಿಂಗ್ ಕಟ್ಟಡದ ಬಾಗಿಲನ್ನು ಆರಿಸಿದ್ದಾರೆ.

ಬರುವ ಶನಿವಾರ ರಾತ್ರಿ ಆ ಬಾಗಿಲ ಹತ್ತಿರ ಕಾರಿನಲ್ಲಿ ನಾನಿರುತ್ತೇನೆ. ಅಕ್ಕನಿಗೆ ಇನ್ನೂ ಪೂರ್ತಿ ಸಮಾಧಾನವಿಲ್ಲ, ಆದರೆ ಹುಡುಗಿಯರಿಗೆಂದು ಒಂದು ಡಬ್ಬಿ ಚಕ್ಕುಲಿ ಕೊಟ್ಟಿದ್ದಾಳೆ. ಒಳಗೆ ಹೊರಗಿನ ತಿಂಡಿ ಬಿಡುವುದಿಲ್ಲ ಎಂದು ಅವಳಿಗೆ ಹೇಳಲು ಹೋಗಿಲ್ಲ. ನಾಲ್ಕು ಗಂಟೆ ಕಾಯಬೇಕಲ್ಲ, ನನಗಾಗುತ್ತದೆ.