ಸತ್ಯವೂ ಒಳಿತೂ

ಸತ್ಯವೂ ಒಳಿತೂ ಒಂದೇ ವಸ್ತುವಿನ ಎರಡು ಹೆಸರುಗಳೋ, ಅಥವಾ ಬೇರೆ ಬೇರೆ ದಾರಿಗಳಲ್ಲಿ ನಡೆದು ಎಲ್ಲಿಯಾದರೊಮ್ಮೆ ಸಂಧಿಸುವ ಎರಡು ವಸ್ತುಗಳೋ ಎಂಬುದು ತತ್ತ್ವಜ್ಞರ ಹಳೆಯ ಪ್ರಶ್ನೆ. ನಮ್ಮ ಮಾತಿನೊಳಗೇ ಇದಕ್ಕೆ ಒಂದು ಸೂಚನೆಯಿದೆ. ‘ಸತ್’ ಎಂದರೆ ಇರುವುದು. ಅದರಿಂದ ‘ಸತ್ಯ’ವು ಹುಟ್ಟಿತು. ‘ಸತ್’ ಎಂದರೆ ಒಳ್ಳೆಯದು ಎಂದೂ ಅರ್ಥ. ಅದರಿಂದ ‘ಸಜ್ಜನ’, ‘ಸತ್ಕಾರ್ಯ’ಗಳು ಬಂದುವು. ಆದರೆ ಶಬ್ದವು ಒಂದಾದ ಮಾತ್ರಕ್ಕೆ ಅರ್ಥವೂ ಒಂದೆಂದು ನಂಬುವುದು ಸಾಹಸವಾದೀತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಬೋಧಿಸಿದ ಎಂ. ಹಿರಿಯಣ್ಣನವರು 1932ರಲ್ಲಿ ಪ್ರಕಟವಾದ ತಮ್ಮ ಭಾರತೀಯ ದರ್ಶನಗಳ ಗ್ರಂಥದಲ್ಲಿ, ನಮ್ಮ ದಾರ್ಶನಿಕರು ಸತ್ಯವನ್ನು ಕಂಡುಹಿಡಿಯುವುದರಲ್ಲೇ ತೃಪ್ತರಾಗದೆ ಅದನ್ನು ಬಾಳಿನಲ್ಲಿ ಅನುಭವಕ್ಕೆ ತಂದುಕೊಳ್ಳಲು ಯತ್ನಿಸಿದರೆಂಬುದನ್ನು ಎತ್ತಿ ತೋರಿಸಿದರು. ಆದುದರಿಂದ ನಾವು ಈ ಪ್ರಶ್ನೆಯನ್ನು ಬಾಳಿನ ನಡುವೆಯೇ ಇಟ್ಟು ನೋಡೋಣ.

ಮಂಡ್ಯ, ಮದ್ದೂರು, ಮಳವಳ್ಳಿಗಳ ಸೀಮೆಯಲ್ಲಿ ನೀಲಗಾರರು ತಂಬೂರಿ ಹಿಡಿದು ಹಾಡುವ ಮಂಟೇಸ್ವಾಮಿಯ ಕಾವ್ಯವನ್ನು ಅನೇಕರು ಬಲ್ಲರು. ಮಂಟೇಸ್ವಾಮಿಯ ಗದ್ದುಗೆಯ ಊರಾದ ಬೊಪ್ಪೇಗೌಡನಪುರವು ಮಳವಳ್ಳಿ ತಾಲ್ಲೂಕಿನಲ್ಲಿದೆ. ಆತನ ಶಿಷ್ಯ ಸಿದ್ದಪ್ಪಾಜಿಯು ಮದ್ದೂರು ಸೀಮೆಯ ನಿಡಘಟ್ಟದಲ್ಲಿ ಕಮ್ಮಾರರ ಮನೆಯ ಬಾಲಕನಾಗಿದ್ದವನು. ಕೆಂಪಾಚಾರಿ ಎಂಬುದು ಆತನ ಪೂರ್ವದ ಹೆಸರು. ಗುರುವು ಈ ಶಿಷ್ಯನನ್ನು ಕಬ್ಬಿಣದ ಭಿಕ್ಷೆಗಾಗಿ ಹಲಗೂರಿಗೆ ಕಳುಹಿಸುತ್ತಾನೆ. ಅಲ್ಲಿಯ ಕುಲುಮೆಯ ಒಡೆಯರ ಮನೆಗಳಲ್ಲಿ ಕಬ್ಬಿಣಕ್ಕೆ ಕೊರತೆಯಿಲ್ಲ. ಆದರೂ ಅವರು ತಮ್ಮಲ್ಲಿ ಕಬ್ಬಿಣವೇ ಇಲ್ಲವೆಂದು ಆಣೆಯಿಡುತ್ತಾರೆ. ಕೊನೆಗೆ ಅದರ ಕೇಡನ್ನು ಉಣ್ಣುತ್ತಾರೆ. ಕೇಳಬಂದವನೂ ಕಮ್ಮಾರರ ಕುಲದವನೇ ಆದುದರಿಂದ ಇದು ಒಂದು ಜನದ ಮೇಲಿನ ತೀರ್ಪಲ್ಲ, ಮನುಷ್ಯಸ್ವಭಾವದ ಚಿತ್ರವೆಂದೇ ನಾವು ತಿಳಿಯತಕ್ಕದ್ದು.

ಅವರು ಆಡಿದ ‘ಇಲ್ಲ’ ಎಂಬ ಒಂದು ಮಾತನ್ನು ಪರಿಶೀಲಿಸೋಣ. ಇದ್ದುದನ್ನು ಇಲ್ಲವೆಂದುದರಿಂದ ಅದು ಅಸತ್ಯ. ಕೊಡಬಹುದಾದುದನ್ನು ತಡೆದುದರಿಂದ ಅದು ಲೋಭ. ಇಲ್ಲಿ ಎರಡು ತಪ್ಪುಗಳು ನಡೆದುವೆಂದು ಹೇಳುವುದಕ್ಕಿಂತ, ಒಂದೇ ತಪ್ಪಿಗೆ ಎರಡು ಮುಖಗಳೆಂದು ಹೇಳುವುದು ಸರಿ. ‘ಇದೆ, ಆದರೆ ಕೊಡುವುದಿಲ್ಲ’ ಎಂದಿದ್ದರೆ ಅವರು ಲೋಭಿಗಳೆನಿಸಿಕೊಳ್ಳಬೇಕಾಗುತ್ತಿತ್ತು. ಆ ಅಪಕೀರ್ತಿಯ ಬೆಲೆಯನ್ನು ತೆರಲೊಲ್ಲದೆ ಸುಳ್ಳಿನ ಮರೆಹೊಕ್ಕರು. ಬೆಲೆಯನ್ನು ತೆತ್ತವನು ಬಾಗಿಲಲ್ಲಿ ನಿಂತ ಭಿಕ್ಷುಕ.

ಇಷ್ಟರಿಂದ ಸತ್ಯವಾಡಿದವನೆಲ್ಲ ಸಾಧುವೆಂದು ಸಿದ್ಧವಾಯಿತೆ? ಇಲ್ಲ. ಮಹಾಭಾರತದ ಕರ್ಣಪರ್ವದಲ್ಲಿ ಕೃಷ್ಣನು ಅರ್ಜುನನಿಗೆ ಕೌಶಿಕನೆಂಬ ತಪಸ್ವಿಯ ಕಥೆಯನ್ನು ಹೇಳುತ್ತಾನೆ. ಸದಾ ಸತ್ಯವನ್ನೇ ನುಡಿಯುವ ವ್ರತ ಅವನದು. ಪ್ರಾಣಭಯದಿಂದ ಓಡಿದವರು ಎತ್ತ ಹೋದರೆಂದು ದರೋಡೆಗಾರರು ಕೇಳಿದಾಗ ಅವನು ಇದ್ದುದನ್ನು ಇದ್ದ ಹಾಗೆ ಹೇಳಿದನು. ಓಡಿದವರು ಹತರಾದರು, ಕೌಶಿಕನಿಗೆ ನರಕವಾಯಿತು. ಹಾಗಾದರೆ ಅತಿಯಾದ ಸತ್ಯವು ಅವನನ್ನು ಕೆಡಿಸಿತೆ? ನಮಗೆ ತೋರುವುದು ಬೇರೆ. ಅವನು ದಾರಿಯ ವಿಷಯವಾದ ಸತ್ಯವನ್ನು ಕಂಡನು. ಕೇಳಿದವರ ಕೈಯಲ್ಲಿದ್ದ ಆಯುಧದ ಸತ್ಯವನ್ನು ಕಾಣಲಿಲ್ಲ. ಅವನಲ್ಲಿದ್ದುದು ಹೆಚ್ಚಿನ ಸತ್ಯವಲ್ಲ, ಅರ್ಧ ಸತ್ಯ. ಇನ್ನೂ ಒಂದು ಮಾತಿದೆ. ವ್ರತದ ಕೀರ್ತಿ ಅವನದಾಯಿತು. ಬೆಲೆಯನ್ನು ಪ್ರಾಣದಿಂದ ತೆತ್ತವರು ಬೇರೆಯವರು. ಹಲಗೂರಿನವರ ಸುಳ್ಳಿಗೂ ಕೌಶಿಕನ ನಿಜಕ್ಕೂ ಈ ಒಂದು ಅಂಶದಲ್ಲಿ ನಂಟುಂಟು.

ಹೀಗೆ ನೋಡಿದಾಗ ನಮಗೊಂದು ಅಳತೆಗೋಲು ದೊರೆಯುತ್ತದೆ. ನುಡಿದ ಮಾತು ವಸ್ತುಸ್ಥಿತಿಗೆ ಹೊಂದುತ್ತದೆಯೆ ಎಂಬುದು ಮೊದಲನೆಯ ಪರೀಕ್ಷೆ; ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು ಎರಡನೆಯದು. ಮಂಡ್ಯದಲ್ಲಿ 1933ರಲ್ಲಿ ಮೈಸೂರು ಸಕ್ಕರೆ ಕಂಪನಿಯು ಸ್ಥಾಪಿತವಾದ ಮೇಲೆ, ಕಾಲುವೆಯ ನೀರಿನಿಂದ ಬೆಳೆದ ಕಬ್ಬಿಗೆ ಆ ಸೀಮೆಯಲ್ಲಿ ಹೊಸ ಬಾಳು ಬಂದಿತು. ಕಡಿದ ಕಬ್ಬು ಕಾಯುವುದಿಲ್ಲ. ಬಿಸಿಲಿಗೆ ಒಣಗಿ ತೂಕವನ್ನು ಕಳೆದುಕೊಳ್ಳುತ್ತದೆ. ಗಾಡಿಯನ್ನು ತಂದು ನಿಲ್ಲಿಸಿದ ರೈತನು ಕೊಳ್ಳುವವನಿಂದ ದಯೆಯನ್ನು ಬೇಡುವುದಿಲ್ಲ, ಸರಿಯಾದ ತೂಕವನ್ನು ಬೇಡುತ್ತಾನೆ. ಆ ತೂಕವು ಬರಿಯ ಅಂಕೆ, ಒಂದು ಒಣ ಸತ್ಯ. ಆದರೆ ಕೊಳ್ಳುವವನು ಅದಕ್ಕಾಗಿ ತನ್ನ ಕೈಯಿಂದ ಹಣವನ್ನು ಎಣಿಸಿಕೊಡಬೇಕು. ಆಗ ಆ ಒಣ ಸತ್ಯವೇ ರೈತನ ಮನೆಯ ಅನ್ನವಾಗುತ್ತದೆ. ಅಲ್ಲಿ ಸತ್ಯವೆಲ್ಲಿ ಮುಗಿದು ಒಳಿತೆಲ್ಲಿ ಆರಂಭವಾಯಿತೆಂದು ಗೆರೆಯೆಳೆದು ತೋರಿಸಬಲ್ಲವರಾರು?

ಇದಕ್ಕಿಂತ ದೊಡ್ಡ ನಿದರ್ಶನವನ್ನು ಮದ್ದೂರಿನ ಬಳಿಯ ಶಿವಪುರವು 1938ರ ಏಪ್ರಿಲ್ ತಿಂಗಳಲ್ಲಿ ನೀಡಿತು. ಟಿ. ಸಿದ್ದಲಿಂಗಯ್ಯನವರ ಅಧ್ಯಕ್ಷತೆಯಲ್ಲಿ ಅಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನವು ನೆರೆಯಿತು. ಧ್ವಜಾರೋಹಣವನ್ನು ಸರ್ಕಾರವು ನಿಷೇಧಿಸಿತ್ತು. ಮುಖಂಡರು ಧ್ವಜವನ್ನು ಎತ್ತಿದರು, ಬಂಧನಕ್ಕೆ ಒಳಗಾದರು. ಈ ಕ್ರಮಕ್ಕೆ ‘ಸತ್ಯಾಗ್ರಹ’ವೆಂದು ಹೆಸರು. ಆಗ್ರಹವು ಎಲ್ಲ ಹಟಮಾರಿಗಳಲ್ಲಿಯೂ ಇರುತ್ತದೆ. ತಾನು ಕಂಡದ್ದೇ ಸತ್ಯವೆಂದು ಇತರರ ಬೆನ್ನ ಮೇಲೆ ಕೋಲೆತ್ತಿದವರನ್ನು ಲೋಕವು ಸಾಕಷ್ಟು ಕಂಡಿದೆ. ಸತ್ಯಾಗ್ರಹಿಯು ತನ್ನ ಸತ್ಯಕ್ಕಾಗಿ ಪೆಟ್ಟನ್ನು ತಾನೇ ತಿನ್ನುತ್ತಾನೆ. ತಾನು ತಪ್ಪಿದ್ದರೂ ಇತರರಿಗೆ ಗಾಯವಾಗದಂತೆ ನೋಡಿಕೊಳ್ಳುವ ವಿನಯವು ಅದರೊಳಗಿದೆ. ಅದೇ ವರ್ಷ ವಿದುರಾಶ್ವತ್ಥದ ಗೋಳೀಬಾರಿನ ದುರಂತವಾದ ಬಳಿಕ ಏರ್ಪಟ್ಟ ಒಪ್ಪಂದದಲ್ಲಿ ಕಾಂಗ್ರೆಸ್ಸಿನ ಧ್ವಜವೂ ಸಂಸ್ಥಾನದ ಧ್ವಜವೂ ಜೊತೆಯಾಗಿ ಹಾರಲು ಎಡೆ ದೊರೆಯಿತು.

ಸತ್ಯವೂ ಒಳಿತೂ ಹುಟ್ಟಿನಿಂದಲೇ ಒಂದೆಂದು ನಾವು ಹೇಳಲಾರೆವು. ಕೌಶಿಕನು ಅಡ್ಡ ಬರುತ್ತಾನೆ. ಅವೆರಡೂ ಬೇರೆಯೆಂದೂ ಹೇಳಲಾರೆವು. ಹಲಗೂರಿನ ಆಣೆಯು ಅಡ್ಡ ಬರುತ್ತದೆ. ನುಡಿದವನು ತನ್ನ ನುಡಿಯ ಭಾರವನ್ನು ತಾನೇ ಹೊತ್ತಾಗ ಅವು ಒಂದಾಗುತ್ತವೆಂಬುದು ನಮ್ಮ ತಿಳಿವಳಿಕೆ. ನಾಳೆ ಯಾರಿಗಾದರೂ ಕಟುವಾದ ಒಂದು ನಿಜವನ್ನು ಹೇಳಬೇಕಾಗಿ ಬಂದರೆ, ಇಲ್ಲವೆ ‘ಇಲ್ಲ’ವೆಂಬ ಒಂದು ಮಾತು ನಾಲಗೆಯ ತುದಿಗೆ ಬಂದರೆ, ಇದರ ಬೆಲೆಯನ್ನು ತೆರುವವರು ಯಾರೆಂದು ಒಂದು ಕ್ಷಣ ನಿಂತು ಕೇಳಿಕೊಳ್ಳುವುದು ನಮಗೆಲ್ಲರಿಗೂ ಲೇಸು.