ಸ್ವತಂತ್ರ ಜೀವನಕ್ಕೆ ಒದಗುವ ಯಂತ್ರಗಳು



ಮಗನಿಗೆ ಇಪ್ಪತ್ತು ವರ್ಷಗಳು ತುಂಬಿದರೂ ಸ್ನಾನವಾಯಿತೇ, ಉಂಡೆಯಾ, ಬಾಗಿಲು ಹಾಕಿದೆಯಾ ಎಂದು ಪ್ರತಿಯೊಂದನ್ನೂ ಹಿಂದೆ ನಿಂತು ಹೇಳಬೇಕಾಗಿರುವ ತಾಯಿಯ ಮನಸ್ಸನ್ನು ಒಂದೇ ಪ್ರಶ್ನೆಯು ಕೊರೆಯುತ್ತಿರುವುದು: ‘ನನ್ನ ತರುವಾಯ ಇವನ ಗತಿಯೇನು?’ ಇದಕ್ಕೆ ಬಹುಕಾಲ ದೊರೆಯುತ್ತಿದ್ದ ಉತ್ತರಗಳು ಎರಡೇ. ಅಣ್ಣತಮ್ಮಂದಿರ ಮನೆಯ ಮೂಲೆ, ಇಲ್ಲವೆ ಅನಾಥಾಲಯ. ಈಗ ಮೂರನೆಯದೊಂದು ಉತ್ತರವು ಮೊಳೆಯುತ್ತಲಿದೆ. ಅದರ ಒಂದಂಶವು ಎಲ್ಲರ ಜೇಬಿನಲ್ಲಿರುವ ಮೊಬೈಲಿನಲ್ಲಿಯೇ ಅಡಗಿದೆ.

ಆಟಿಸಂ, ಓದುಬರೆಹವು ತೊಡಕಾಗುವ ಡಿಸ್ಲೆಕ್ಸಿಯ, ಚಿತ್ತವು ಒಂದೆಡೆ ನಿಲ್ಲದ ಎಡಿಎಚ್‌ಡಿ, ಇವೇ ಮೊದಲಾದವುಗಳನ್ನು ಒಟ್ಟುಗೂಡಿಸಿ ನರವೈವಿಧ್ಯವೆಂದು ಕರೆಯುವರು. 1990ರ ದಶಕದ ಕೊನೆಯಲ್ಲಿ ಬಳಕೆಗೆ ಬಂದ ಮಾತಿದು. ಮಿದುಳು ಕೆಲಸ ಮಾಡುವ ರೀತಿಯೇ ಬೇರೆಯೆಂದು ಇದರ ಅರ್ಥವೇ ಹೊರತು, ಬುದ್ಧಿಹೀನತೆಗೆ ಇಟ್ಟ ಸಭ್ಯವಾದ ಹೆಸರಲ್ಲ.

ಆಟಿಸಂ ಉಳ್ಳವರಲ್ಲಿ ಅನೇಕರಿಗೆ ಕಿವಿಯಿಂದ ಕೇಳಿದುದು ಜಾರಿಹೋಗುವುದು, ಕಣ್ಣಿನಿಂದ ಕಂಡುದು ನಿಲ್ಲುವುದು. ಆದಕಾರಣ ‘ಇನ್ನು ಸ್ವಲ್ಪ ಹೊತ್ತು’ ಎಂದರೆ ತಿಳಿಯದವನಿಗೆ, ಕೆಂಪು ವರ್ತುಲವೊಂದು ಕ್ಷಣಕ್ಷಣಕ್ಕೂ ಕಿರಿದಾಗುತ್ತ ಬಂದರೆ ಕಾಲವು ಕಣ್ಣಿಗೇ ಕಾಣುವುದು. ಮೊಬೈಲು ಇದನ್ನು ತೋರಿಸಬಲ್ಲುದು. ಅನ್ನ ಮಾಡುವ ಕೆಲಸವನ್ನು ಅಕ್ಕಿ ಅಳೆಯುವುದರಿಂದ ಒಲೆ ಆರಿಸುವವರೆಗೆ ಚಿತ್ರಚಿತ್ರವಾಗಿ ಬಿಡಿಸಿಟ್ಟು, ಒಂದು ಮುಗಿದಮೇಲೆ ಇನ್ನೊಂದನ್ನು ತೋರಿಸಲೂ ಬಲ್ಲುದು. ತಾಯಿಯು ನೂರು ಸಲ ಹೇಳಿದರೆ ಅದು ಗದರಿಕೆಯಾಗಿ ಕೇಳೀತು, ಯಂತ್ರಕ್ಕೆ ಬೇಸರವೆಂಬುದಿಲ್ಲ.

ಮಾತು ಬಾರದವರ ಸಂಗತಿಯು ಇನ್ನೂ ಗಹನವಾದುದು. 1985ರಲ್ಲಿ ಅಮೆರಿಕದಲ್ಲಿ ಒಂದು ಪದ್ಧತಿಯು ಹುಟ್ಟಿತು. ಬೇಕಾದ ವಸ್ತುವಿನ ಚಿತ್ರವನ್ನು ಮಗುವು ಎದುರಿನವರ ಕೈಗೆ ಕೊಡುವುದು. ಮುಂದೆ ಇಂಥ ಚಿತ್ರಗಳು ಟ್ಯಾಬ್ಲೆಟ್ಟಿನ ಗಾಜಿನ ಮೇಲೆ ಬಂದವು. ಚೆನ್ನೈಯಲ್ಲಿ ಅಜಿತ್ ನಾರಾಯಣನ್ ಅವರು ರೂಪಿಸಿದ ‘ಆವಾಜ್’ ಈ ಬಗೆಯದು. ಚಿತ್ರಗಳನ್ನು ಒಂದೊಂದಾಗಿ ಮುಟ್ಟಿದರೆ ಯಂತ್ರವು ವಾಕ್ಯವನ್ನು ಉಚ್ಚರಿಸುವುದು, ಕನ್ನಡದಲ್ಲಿಯೂ ನುಡಿಯುವುದು.

ಯಂತ್ರ ಕೊಟ್ಟರೆ ಬರಬಹುದಾದ ಮಾತೂ ನಿಂತುಹೋದೀತೆಂಬ ಭಯವು ಮನೆಮನೆಯಲ್ಲಿದೆ. ಈ ಭಯಕ್ಕೆ ಆಧಾರವಿಲ್ಲ. ಇಂಥ ಸಾಧನಗಳ ಮೇಲಿನ ಅಧ್ಯಯನಗಳನ್ನು ಪರಿಶೀಲಿಸಿ 2006ರಲ್ಲಿ ಪ್ರಕಟವಾದ ಲೇಖನದಲ್ಲಿ, ಬಲವಾದ ಸಾಕ್ಷ್ಯವುಳ್ಳ 27 ಮಂದಿಯಲ್ಲಿ ಒಬ್ಬರಿಗಾದರೂ ಮಾತು ಕಡಮೆಯಾಗಿರಲಿಲ್ಲ. ನೂರಕ್ಕೆ 89ರಷ್ಟು ಮಂದಿಗೆ ತುಸುವಾದರೂ ಹೆಚ್ಚಿತ್ತು. ವರ್ಷಗಟ್ಟಲೆ ಕಾದು, ಕೊನೆಗೆ ಯಂತ್ರವನ್ನು ತರುವವರು ಆ ವರ್ಷಗಳಷ್ಟು ಕಾಲ ಮಗುವನ್ನು ಮೌನದಲ್ಲಿಯೇ ಇರಿಸಿದಂತಾಗುವುದು.

ಇಲ್ಲಿ ಒಂದು ಮಾತನ್ನು ಕಟುವಾಗಿಯೇ ಹೇಳಬೇಕಾಗಿದೆ. ತಪ್ಪು ಮಾಡಿದನೆಂದು ಆ ಟ್ಯಾಬ್ಲೆಟ್ಟನ್ನು ಕಸಿದು ಬೀರುವಿನಲ್ಲಿಡುವ ಮನೆಗಳುಂಟು. ಅದು ಆಟದ ಸಾಮಾನಲ್ಲ, ಅವನ ನಾಲಗೆ. ಮತ್ತೆ ಕೆಲವರು ಪ್ರಾಯಕ್ಕೆ ಬಂದ ಮಗಳ ಮೊಬೈಲಿನಿಂದ ಅವಳು ಎಲ್ಲೆಲ್ಲಿ ಹೋದಳೆಂಬುದನ್ನು ಅವಳಿಗೆ ತಿಳಿಯದಂತೆ ನೋಡುತ್ತಿರುವರು. ದಾರಿತಪ್ಪಿದಾಗ ನೆರವಾಗಲೆಂದು ಅವಳ ಒಪ್ಪಿಗೆಯಿಂದ ಇಟ್ಟರೆ ಅದು ಊರುಗೋಲು. ಗುಟ್ಟಾಗಿ ಇಟ್ಟರೆ ಹಗ್ಗ. ಅಂಗವಿಕಲರ ಹಕ್ಕುಗಳ 2016ರ ಕಾಯಿದೆಯೂ ಪಾಲಕನು ಒಬ್ಬನೇ ತೀರ್ಮಾನಿಸುವುದನ್ನು ಬಿಟ್ಟು, ಪರಸ್ಪರ ನಂಬಿಕೆಯಿಂದ ಕೂಡಿ ನಿರ್ಣಯಿಸುವುದನ್ನೇ, ಆ ವ್ಯಕ್ತಿಯ ಇಚ್ಛೆಗೆ ಅನುಸಾರವಾಗಿ ನಡೆಯುವುದನ್ನೇ ವಿಧಿಸುತ್ತದೆ.

ಮಠದ ಭಕ್ತರಿಗೂ ಇದರಲ್ಲಿ ಕೆಲಸವಿದೆ. ದಾಸೋಹದ ಪಂಕ್ತಿಯಲ್ಲಿ ಒಬ್ಬ ತರುಣನು ಗಾಜಿನ ಮೇಲೆ ಬೆರಳಾಡಿಸುತ್ತ ಕುಳಿತಿದ್ದರೆ, ‘ಊಟದ ಹೊತ್ತಿನಲ್ಲಿಯೂ ಮೊಬೈಲೇ’ ಎಂದು ಗದರಿಸಬಾರದು. ‘ಸದ್ದು ಬಹಳವಾಯಿತು, ಹೊರಗೆ ಹೋಗುವೆ’ ಎಂಬ ವಾಕ್ಯವನ್ನು ಅವನು ಕಟ್ಟುತ್ತಿರಬಹುದು. ಅದು ಮುಗಿಯುವವರೆಗೆ ಕಾಯತಕ್ಕದ್ದು. ಬಾಯಿಂದ ಆಡುವ ಮಾತಿಗಿಂತ ಹೆಚ್ಚು ಹೊತ್ತು ಹಿಡಿಯುವುದು. ಜೊತೆಯಲ್ಲಿರುವ ತಾಯಿಯನ್ನು ಕೇಳುವುದಕ್ಕಿಂತ ಅವನನ್ನೇ ಕೇಳುವುದು ಒಳ್ಳೆಯದು.

ವಿದ್ಯುತ್ತು ಹೋದೀತು, ಯಂತ್ರವು ಕೆಟ್ಟೀತು. ಅಂಥ ದಿನಕ್ಕಾಗಿ ಅವೇ ಚಿತ್ರಗಳನ್ನು ಕಾಗದದ ಮೇಲೆ ಅಚ್ಚು ಮಾಡಿಸಿ, ಅವನ ಕೈಗೆಟಕುವಂತೆ ಗೋಡೆಗೆ ತೂಗುಹಾಕಿರಬೇಕು.